ಅಕ್ಕನ ಹೆಬ್ಬೆರಳು

ಹೋದ ತಿಂಗಳು ರೇಷನ್ ತರಲು ಹೋದಾಗ ಅಂಗಡಿಯವರು ನನ್ನನ್ನು ಸಾಲಿನಿಂದ ಪಕ್ಕಕ್ಕೆ ಕರೆದರು. ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ಕಾರ್ಡಿನಲ್ಲಿ ಅವಳ ಹೆಸರು ಇನ್ನೂ ಇದೆ, ಮರಣ ಪತ್ರ ತೋರಿಸಿ ತೆಗೆಸಿಬಿಡಿ, ಇಲ್ಲದಿದ್ದರೆ ನಿಮಗೂ ತೊಂದರೆ ನನಗೂ ತೊಂದರೆ ಎಂದು ಮೆಲ್ಲಗೆ ಹೇಳಿದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಹೆಸರು ತೆಗೆಸುವುದು ಹೇಗೆಂದು ಗೊತ್ತಿದೆಯೇ ಎಂದೂ ಕೇಳಿದರು. ಗೊತ್ತಿದೆ ಎಂದೆ. ಅಕ್ಕನ ಹೆಸರನ್ನು ನಾನು ಆ ಕಾರ್ಡಿನಿಂದ ಒಂದು ಸಲ ತೆಗೆಸಿದ್ದೇನೆ. ಆಗ ಅವಳು ಬದುಕಿದ್ದಳು.

ಇದನ್ನು ನಾನು ಯಾರಿಗೂ ಹೇಳಿಲ್ಲ. ನನ್ನ ಗಂಡ ಕುಡತಿನಿಯ ಕರೆಂಟ್ ಪ್ಲಾಂಟಿನಲ್ಲಿ ಬೂದಿ ಲಾರಿಗೆ ಹೋಗುತ್ತಾನೆ, ಅವನಿಗೂ ಹೇಳಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬಾಯಿಂದ ಹೇಳಲಾಗದ್ದು ಬರೆದರೆ ಹೊರಗೆ ಬರಬಹುದು ಎಂದು ಮಗಳ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಕುರುಗೋಡಿನಲ್ಲಿ ಅವಳನ್ನು ಹೆಸರಿನಿಂದ ಕರೆಯುವವರು ಕಡಿಮೆ, ಆಸ್ಪತ್ರೆ ಅಕ್ಕ ಎಂದರೆ ಬಳ್ಳಾರಿ ಬಸ್ಸಿನ ಕಂಡಕ್ಟರನಿಗೂ ಗೊತ್ತಾಗುತ್ತಿತ್ತು. ಅವಳು ನರ್ಸಲ್ಲ, ಆಯಾ ಅಲ್ಲ, ಯಾವ ಇಲಾಖೆಗೂ ಸೇರಿದವಳಲ್ಲ. ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಚಿಕಿತ್ಸೆ ಮಾಡಿಸಿಕೊಳ್ಳಬೇಕಾದ ಬಡವರನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ, ಯಾವ ಕೌಂಟರಿನಲ್ಲಿ ನಿಲ್ಲಬೇಕು, ಯಾರ ಹತ್ತಿರ ಚೀಟಿ ಬರೆಸಿಕೊಳ್ಳಬೇಕು, ಎಲ್ಲಿ ಸೀಲು ಹಾಕಿಸಬೇಕು ಎಂದು ತೋರಿಸಿ, ಅವರನ್ನು ವಾರ್ಡಿನ ಮಂಚದ ಮೇಲೆ ಮಲಗಿಸಿ ಬರುವುದು ಅವಳು ತಾನಾಗಿ ಮೈಮೇಲೆ ಹಾಕಿಕೊಂಡ ಕೆಲಸ. ಪ್ರತಿಯಾಗಿ ತೆಗೆದುಕೊಳ್ಳುತ್ತಿದ್ದುದು ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ, ತೀರಾ ಒತ್ತಾಯ ಮಾಡಿದರೆ ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ. ಅದರ ಜೊತೆ ಕೊಡುವ ಮಿರ್ಚಿಯನ್ನು ನನ್ನ ಮಗಳಿಗೆಂದು ಕಾಗದದಲ್ಲಿ ಸುತ್ತಿ ತರುತ್ತಿದ್ದಳು. ಮನೆ ಸೇರುವ ಹೊತ್ತಿಗೆ ಅದು ಮೆತ್ತಗಾಗಿರುತ್ತಿತ್ತು.

ಅವಳ ಕೈಬಳೆಗಳ ತುಂಬ ಪಿನ್ನುಗಳು. ಬೇರೆ ಹೆಂಗಸರು ಸೆರಗಿಗೆಂದು ಒಂದೆರಡು ಸಿಕ್ಕಿಸಿಕೊಂಡಿರುತ್ತಾರೆ, ಇವಳ ಬಳೆಯಿಂದ ಹತ್ತು ಹನ್ನೆರಡು ನೇತಾಡುತ್ತಿದ್ದವು. ಅವು ಕಾಗದಗಳಿಗೆ. ಒಬ್ಬೊಬ್ಬ ರೋಗಿಯ ಆಧಾರ್ ಜೆರಾಕ್ಸು, ರೇಷನ್ ಕಾರ್ಡಿನ ಜೆರಾಕ್ಸು, ಡಾಕ್ಟರ ಚೀಟಿ, ಮೂರನ್ನೂ ಸೇರಿಸಿ ಪಿನ್ನು ಹಾಕಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಇಡುತ್ತಿದ್ದಳು. ನೋವು ತಡೆಯಲಾರದೆ ಯಾರಾದರೂ ಬಾಗಿಲಿಗೆ ಬಂದು ಅಳತೊಡಗಿದರೆ ಅವಳು ಕೇಳುತ್ತಿದ್ದ ಮೊದಲ ಮಾತು ಒಂದೇ:

"ಹೊಟ್ಟಿ ನೋವಿನ ಸುದ್ದಿ ಬಸ್ಸಿನ್ಯಾಗ ಹೇಳುವಂತಿ. ರೇಷನ್ ಕಾರ್ಡಿನ್ಯಾಗ ಹೆಸರು ಐತಿಲ್ಲೋ, ಅದನ್ನ ಹೇಳು."

ಕೇಳುವವರಿಗೆ ಕಲ್ಲು ಮನಸ್ಸು ಅನ್ನಿಸುತ್ತಿತ್ತು. ಆದರೆ ಎಲ್ಲ ನಿಂತಿರುವುದು ಅದರ ಮೇಲೇ. ಕಾರ್ಡಿನಲ್ಲಿ ಹೆಸರಿದ್ದವರಿಗೆ ಆಪರೇಷನ್ನಿಗೆ ಕೈಯಿಂದ ಏನೂ ಕಟ್ಟಬೇಕಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು, ಅಲ್ಲಿ ಆಗದಂಥದ್ದಾದರೆ ಅವರು ಚೀಟಿ ಬರೆದು ಬೇರೆ ಆಸ್ಪತ್ರೆಗೆ ಕಳಿಸುತ್ತಾರೆ. ಹೆಸರಿಲ್ಲದವರಿಗೆ ಸರ್ಕಾರ ಕೊಡುವುದು ಸ್ವಲ್ಪ ಪಾಲು. ಉಳಿದದ್ದು ನಮ್ಮಂಥವರು ಮನೆ ಮಾರಿದರೂ ಹುಟ್ಟುವುದಿಲ್ಲ.

ಇದನ್ನೆಲ್ಲ ಅವಳು ಪುಸ್ತಕ ಓದಿ ಕಲಿತದ್ದಲ್ಲ. ಗಂಡ ಇನ್ನೊಬ್ಬಳನ್ನು ಕರೆದುಕೊಂಡು ಬಂದ ಮೇಲೆ ಅಕ್ಕ ಸಿರುಗುಪ್ಪದ ಆ ಮನೆಯನ್ನು ಬಿಟ್ಟು ಕುರುಗೋಡಿಗೆ ಬಂದಳು. ಆ ಹೊಸ್ತಿಲು ಮತ್ತೆ ತುಳಿದರೆ ಕೇಳು ಎಂದಿದ್ದಳು, ತುಳಿದೂ ಇರಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟುಗಳಿಗೆ ಬಣ್ಣ ಇಳಿಸುವ ವಾಷಿಂಗ್ ಘಟಕದಲ್ಲಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿದಳು. ಅಲ್ಲಿ ಜೊತೆಗಿದ್ದ ಒಂದು ಹುಡುಗಿಯ ಕೈ ಯಂತ್ರಕ್ಕೆ ಸಿಕ್ಕಿತು. ಆ ಹುಡುಗಿಯನ್ನು ಕರೆದುಕೊಂಡು ಅಕ್ಕ ನಾಲ್ಕು ದಿನ ಕೌಂಟರಿನಿಂದ ಕೌಂಟರಿಗೆ ಅಲೆದಳು. ಐದನೇ ದಿನ ಎಲ್ಲ ತಿಳಿದುಕೊಂಡಳು. ನಾಲ್ಕು ದಿನ ಅಲೆದು ಕಲಿತದ್ದನ್ನು ಒಬ್ಬಳೇ ಇಟ್ಟುಕೊಂಡು ಏನು ಮಾಡಲಿ ಎನ್ನುತ್ತಿದ್ದಳು.

ಯಾವುದು ಕಾರ್ಡಿನಲ್ಲಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠ. ಹೆರಿಗೆ, ಹರ್ನಿಯಾ, ಗರ್ಭಕೋಶ, ಡಯಾಲಿಸಿಸ್, ಸುಟ್ಟ ಗಾಯ, ಗುಂಡಿಗೆಯ ಆಪರೇಷನ್ ಎಂದು ಬೆರಳು ಮಡಚುತ್ತ ಹೇಳುತ್ತಿದ್ದಳು. ಹಲ್ಲು ಕಟ್ಟಿಸಿಕೊಡು ಎಂದು ಹಿಂದೆ ಬಿದ್ದ ಒಬ್ಬ ಮುದುಕಿಗೆ, ಅದು ಮಾತ್ರ ಸರ್ಕಾರಕ್ಕೆ ಹೊಳೆದಿಲ್ಲ, ನೀನು ಮಂಡಕ್ಕಿ ನೆನೆಸಿಕೊಂಡು ತಿನ್ನು ಎಂದು ಸಮಾಧಾನ ಮಾಡಿದ್ದಳು. ಆಂಧ್ರದ ಗಡಿಯ ಕಡೆಯಿಂದ ಬಂದವರು ವಾರ್ಡಿನಲ್ಲಿ ದಿಕ್ಕು ತೋಚದೆ ಕುಳಿತಿದ್ದರೆ ತೆಲುಗಿನಲ್ಲಿ ಮಾತಾಡಿಸುತ್ತಿದ್ದಳು. ಅವಳ ತೆಲುಗು ಅರ್ಧ ಕನ್ನಡ, ಆದರೂ ಅವರಿಗೆ ಜೀವ ಬರುತ್ತಿತ್ತು.

ನಮ್ಮ ಓಣಿಯ ಒಬ್ಬ ಯಜಮಾನರು ಹರ್ನಿಯಾ ಇಟ್ಟುಕೊಂಡು ಎರಡು ವರ್ಷ ಸುಮ್ಮನಿದ್ದರು. ಕಾರ್ಡು ಒಂದೇ ಸಲ ಉಪಯೋಗಕ್ಕೆ ಬರುವುದು, ಇದಕ್ಕೇ ಖರ್ಚು ಮಾಡಿಬಿಟ್ಟರೆ ನಾಳೆ ಗುಂಡಿಗೆಗೆ ಏನಾದರೂ ಬಂದರೆ ಏನು ಗತಿ ಎಂಬುದು ಅವರ ಲೆಕ್ಕ. ಅಕ್ಕ ಅವರ ಕಟ್ಟೆಯ ಮೇಲೆ ಹೋಗಿ ಕುಳಿತು ಬೈದಳು.

"ಕಾಕಾ, ಅದು ಸಂದೂಕದಾಗ ಇಟ್ಟ ಹೊಸ ಧೋತರ ಏನು? ಕಾರ್ಡಿನ್ಯಾಗಿನ ರೊಕ್ಕ ವರ್ಷಾ ವರ್ಷಾ ಮತ್ತ ತುಂಬತೈತಿ. ಏಳ್ರಿ, ಆಧಾರ್ ತಗೋರಿ."

ಆಪರೇಷನ್ ಆಗಿ ಬಂದ ಮೇಲೆ ಆ ಯಜಮಾನರು ಅವಳನ್ನು ಕಂಡಾಗಲೆಲ್ಲ, ಏನವ್ವಾ, ನನ್ನ ಧೋತರ ಈ ವರ್ಷ ತುಂಬಿತೋ ಎಂದು ಕೇಳುತ್ತಿದ್ದರು.

ಇಂಥವಳ ಜೊತೆ ಒಂದೇ ಮನೆಯಲ್ಲಿ ಇರುವುದು ಹೊರಗಿನವರಿಗೆ ಕಂಡಷ್ಟು ಸುಲಭವಲ್ಲ. ನಾನು ಬಳ್ಳಾರಿಯ ಹೊಲಿಗೆ ಶೆಡ್ಡಿಗೆ ಮುಂಜಾನೆಯ ಬಸ್ಸಿಗೆ ಹೋಗುತ್ತೇನೆ. ಹೊಲಿದಷ್ಟು ಕೂಲಿ. ಉಸಿರು ಹಿಡಿದಂತಾಗುತ್ತದೆ ಎಂದು ಅಕ್ಕ ವಾಷಿಂಗ್ ಕೆಲಸ ಬಿಟ್ಟ ಮೇಲೆ ಮನೆ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಊರನ್ನು ನೋಡಿಕೊಂಡಳು. ಒಂದು ದಿನ ನನ್ನ ಮಗಳಿಗೆ ಮೈ ಸುಡುವ ಜ್ವರ, ಅವತ್ತೇ ಇವಳು ಯಾರದೋ ಸೊಸೆಯನ್ನು ಹೆರಿಗೆಗೆ ಕರೆದುಕೊಂಡು ಹೋದಳು. ಇದು ನೆಗಡಿ ಜ್ವರ, ಕಷಾಯ ಕುಡಿಸು ಎಂದು ಬಾಗಿಲಿನಿಂದಲೇ ಹೇಳಿ ಹೋದಳು. ಅದು ನೆಗಡಿ ಜ್ವರವೇ ಆಗಿತ್ತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಆ ವಾರವೇ ರೇಷನ್ ಅಂಗಡಿಯಲ್ಲಿ, ಕಾರ್ಡಿನಲ್ಲಿರುವ ಎಲ್ಲರೂ ಬಂದು ಯಂತ್ರದ ಮೇಲೆ ಹೆಬ್ಬೆರಳು ಕೊಡಬೇಕೆಂದು ಹೇಳಿದರು. ಅವ್ವ ಸತ್ತ ಮೇಲೆ ಕಾರ್ಡಿಗೆ ನಾನೇ ಯಜಮಾನಿ. ನಾನು, ನನ್ನ ಗಂಡ, ಮಕ್ಕಳು ಕೊಟ್ಟೆವು. ಅಕ್ಕನ ಬೆರಳು ಮೂಡಲಿಲ್ಲ. ಸೆರಗಿನಿಂದ ಒರೆಸಿ ಒತ್ತಿದಳು, ಎಡಗೈ ಒತ್ತಿದಳು, ಹತ್ತೂ ಬೆರಳು ಒತ್ತಿದಳು. ಬ್ಲೀಚಿಂಗ್ ನೀರು ಅವಳ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಆಧಾರ್ ಕೇಂದ್ರಕ್ಕೆ ಹೋಗಿ ಸರಿ ಮಾಡಿಸಿಕೊಂಡು ಬರಲಿ, ಅಲ್ಲಿಯ ತನಕ ಇಡೀ ಕಾರ್ಡಿನ ಅಕ್ಕಿ ನಿಂತರೂ ನಿಲ್ಲಬಹುದು ಎಂದರು. ಅಕ್ಕ ಹೋಗುತ್ತೇನೆ ಎಂದಳು. ಹೋಗಲಿಲ್ಲ, ಅವಳ ಹಿಂದೆ ಯಾವಾಗಲೂ ಒಬ್ಬರಲ್ಲ ಒಬ್ಬರು ರೋಗಿ ಇರುತ್ತಿದ್ದರು. ನಾನು ಒಂದು ದಿನದ ಹೊಲಿಗೆ ಬಿಟ್ಟು ಅವಳನ್ನು ಎಳೆದುಕೊಂಡು ಹೋಗಬಹುದಿತ್ತು.

ಬದಲಿಗೆ ನಾನು ಕಂಪ್ಯೂಟರ್ ಸೆಂಟರಿಗೆ ಹೋದೆ. ಅವಳ ಹೆಸರು ತೆಗೆಯಲು ಹೇಳಿದೆ. ಅಲ್ಲಿದ್ದವನು ಕಾರಣ ಏನೆಂದು ಕೇಳಿದ. ಮರಣ, ಮದುವೆ, ಬೇರೆ ಊರಿಗೆ ಹೋಗಿದ್ದು, ಹೀಗೆ ಕಂಪ್ಯೂಟರಿನಲ್ಲಿ ಇದ್ದುದನ್ನು ಓದಿದ. ನಾನು ಸ್ವಲ್ಪ ಹೊತ್ತು ಯೋಚಿಸಿ, ಗಂಡನ ಮನೆಗೆ ಹೋಗಿದ್ದಾಳೆ ಅಂತ ಹಾಕಿ ಎಂದೆ. ಯಾವ ಊರು ಎಂದ. ಸಿರುಗುಪ್ಪ ಎಂದೆ. ನನ್ನ ಹೆಬ್ಬೆರಳು ಒಂದೇ ಸಲಕ್ಕೆ ಮೂಡಿತು. ಅವನು ಕೊಟ್ಟ ರಶೀದಿಯನ್ನು ಮನೆಗೆ ಬರುವ ದಾರಿಯಲ್ಲಿ ಹರಿದು ಕಾಲುವೆಗೆ ಹಾಕಿದೆ.

ಮುಂದೆ ಸೇರಿಸಿದರಾಯಿತು ಎಂದುಕೊಂಡಿದ್ದೆ. ಸೇರಿಸುವುದು ಯಾವಾಗಲೂ ನಡೆಯುವುದಿಲ್ಲ, ಯಾವಾಗಲೋ ಕೆಲವು ದಿನ ಅವಕಾಶ ಬಿಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಅವಳನ್ನು ಕೇಳುವ ಹಾಗಿರಲಿಲ್ಲ. ತಾನು ಹೋಗದಿದ್ದರೂ ಅಕ್ಕಿ ಬರುತ್ತಲೇ ಇದ್ದುದರಿಂದ ಅವಳೂ ಆ ವಿಷಯ ಮರೆತಳು. ಒಂದೂವರೆ ವರ್ಷ ಹೀಗೇ ಕಳೆಯಿತು.

ಉಸಿರಿನ ತೊಂದರೆ ಹೆಚ್ಚಾದಾಗ ಅವಳು ಯಾರದೋ ಜೊತೆ ಹೋದವಳು ಹಾಗೇ ತನ್ನನ್ನೂ ತೋರಿಸಿಕೊಂಡು ಬಂದಳು. ಗುಂಡಿಗೆಯ ಒಳಗಿನ ಒಂದು ಬಾಗಿಲು ಬಿಗಿದುಕೊಂಡಿದೆ, ಅದನ್ನು ಬದಲಾಯಿಸಬೇಕು, ತಡ ಮಾಡಬಾರದು ಎಂದು ಡಾಕ್ಟರು ಹೇಳಿ ಬೇರೆ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದರು. ಅಕ್ಕ ಹೆದರಲಿಲ್ಲ. ಅವಳ ಮುಖದಲ್ಲಿ ಒಂದು ಹೆಮ್ಮೆಯೇ ಇತ್ತು. ನನ್ನ ಸರದಿ ಬಂತು ನೋಡು, ಇಷ್ಟು ಮಂದಿಗೆ ಮಾಡಿಸಿದವಳಿಗೆ ಕೌಂಟರಿನವರು ಕುರ್ಚಿ ಹಾಕುತ್ತಾರೆ ಎಂದು ನಗುತ್ತ, ಬಳೆಯಿಂದ ಪಿನ್ನು ಬಿಚ್ಚಿ ತನ್ನದೇ ಮೂರು ಕಾಗದಗಳಿಗೆ ಹಾಕಿಕೊಂಡಳು.

ಆ ಆಸ್ಪತ್ರೆಗೆ ನಾನೂ ಹೋಗಿದ್ದೆ. ಕೌಂಟರಿನಲ್ಲಿದ್ದ ಹೆಂಗಸು ಅಕ್ಕನನ್ನು ಕಂಡು, ಇವತ್ತು ಯಾರನ್ನ ಕರಕೊಂಡು ಬಂದೀರಿ ಅಕ್ಕಾರ ಎಂದಳು. ನನ್ನನ್ನೇ ಎಂದಳು ಅಕ್ಕ. ಆ ಹೆಂಗಸು ಎರಡು ಸಲ, ಮೂರು ಸಲ ನಂಬರು ಒತ್ತಿದಳು. ಕಾರ್ಡಿನಲ್ಲಿ ನಾಲ್ಕೇ ಹೆಸರು ಬರುತ್ತಿವೆ, ನಿಮ್ಮದು ಬರುತ್ತಿಲ್ಲ ಎಂದಳು. ಅಕ್ಕ ನನ್ನ ಕಡೆ ತಿರುಗಿ ತನ್ನ ಬಲಗೈ ಹೆಬ್ಬೆರಳನ್ನು ಮೇಲೆ ಹಿಡಿದು ತೋರಿಸಿದಳು.

"ಇದರದ್ದೇ ಕಿತಾಪತಿ ತಂಗಿ. ಅವತ್ತ ಬೆರಳು ಮೂಡಲಿಲ್ಲಲ್ಲ, ಅದಕ್ಕ ನನ್ನ ಹೆಸರು ನಿಲ್ಸ್ಯಾರ."

"ಹೌದು ಅನಸ್ತೈತಿ," ಎಂದೆ.

ಎರಡೇ ಮಾತು. ನಾನು ಹೆಸರು ತೆಗೆಸಿದ್ದನ್ನು ಯಾರಾದರೂ ಕ್ಷಮಿಸಬಹುದು, ಸಿಟ್ಟಿನಲ್ಲಿ ಮಾಡಿದ್ದು, ತಿಳಿಯದೆ ಮಾಡಿದ್ದು ಎನ್ನಬಹುದು. ಈ ಎರಡು ಮಾತನ್ನು ನಾನು ತಿಳಿದೇ ಆಡಿದೆ. ಅಲ್ಲಿಯೇ ನಿಜ ಹೇಳಿದ್ದರೆ ಅವಳು ಅಲ್ಲಿಂದಲೇ ತಾಲ್ಲೂಕು ಆಫೀಸಿಗೆ ಹೊರಡುತ್ತಿದ್ದಳು. ಆಪರೇಷನ್ನಿನ ಚೀಟಿ ಇದ್ದವರ ಹೆಸರು ಬೇಗ ಸೇರಿಸುತ್ತಾರೆ, ಹಾಗೆ ಅವಳೇ ಎಷ್ಟೋ ಜನರಿಗೆ ಮಾಡಿಸಿದ್ದಳು. ಆದರೆ ಹೆಸರು ತೆಗೆದಿದ್ದಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ, ನಿಂತಿದೆ ಎಂದುಕೊಂಡಿದ್ದಳು. ಕಾಯಿಲೆ ಒಂದು, ಅವಳು ಮಾಡಿಕೊಂಡ ಔಷಧ ಇನ್ನೊಂದು.

ಅವಳು ಬೆರಳಿಗೆ ಔಷಧ ಮಾಡತೊಡಗಿದಳು. ಆಧಾರ್ ಕೇಂದ್ರದಲ್ಲಿ ಬೆರಳು ಮತ್ತೆ ಮೂಡದೆ ಹೋದಾಗ, ಕೆಲವು ದಿನ ನೀರು ಸೋಪು ಮುಟ್ಟಬೇಡಿ, ಎಣ್ಣೆ ಹಚ್ಚಿ, ಚರ್ಮ ಹೊಸದಾಗಿ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ದಿನಾ ಮುಂಜಾನೆ ಬಾಗಿಲಲ್ಲಿ ಕುಳಿತು ಹರಳೆಣ್ಣೆಯನ್ನು ಒಂದೊಂದೇ ಬೆರಳಿಗೆ ತಿಕ್ಕುತ್ತಿದ್ದಳು, ಹಸುಗೂಸಿಗೆ ಎಣ್ಣೆ ಹಚ್ಚಿದ ಹಾಗೆ. ಪಾತ್ರೆ ತೊಳೆಯುವುದನ್ನು ಬಿಟ್ಟಳು, ಬಟ್ಟೆ ಒಗೆಯುವುದನ್ನು ಬಿಟ್ಟಳು. ಅನ್ನ ಚಮಚದಲ್ಲಿ ತಿಂದಳು. ಆಮೇಲೆ ಒಂದು ಸ್ಟೀಲ್ ಲೋಟಕ್ಕೆ ಹೆಬ್ಬೆರಳು ಒತ್ತಿ, ಅದನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಗೆರೆ ಬಂದಿದೆಯೇ ನೋಡು ಎಂದು ನನಗೂ ತೋರಿಸುತ್ತಿದ್ದಳು. ನಾನು ಲೋಟ ಹಿಡಿದು ನೋಡುತ್ತಿದ್ದೆ. ಸ್ವಲ್ಪ ಬಂದಿದೆ ಎನ್ನುತ್ತಿದ್ದೆ. ಪಾತ್ರೆ ತೊಳೆಯುವುದು ಈಗ ನನ್ನ ಕೆಲಸವಾಗಿದ್ದರಿಂದ ಆ ಲೋಟವನ್ನು ತಿಕ್ಕಿ ಮತ್ತೆ ಮರುದಿನಕ್ಕೆ ಇಡುತ್ತಿದ್ದುದೂ ನಾನೇ.

ಇವತ್ತು ಹೇಳುತ್ತೇನೆ ಎಂದು ಪ್ರತಿದಿನ ಬಸ್ಸಿನಲ್ಲಿ ನಿರ್ಧಾರ ಮಾಡುತ್ತಿದ್ದೆ. ಮನೆಗೆ ಬಂದರೆ ಅವಳ ಕಾಲು ನಿನ್ನೆಗಿಂತ ಹೆಚ್ಚು ಊದಿರುತ್ತಿತ್ತು. ಊದಿದಷ್ಟೂ ಹೇಳುವುದು ಕಷ್ಟವಾಗುತ್ತಿತ್ತು. ಮೊದಲ ದಿನ ಹೇಳದವಳು ಇಪ್ಪತ್ತನೇ ದಿನ ಹೇಳಿದರೆ, ಆ ಇಪ್ಪತ್ತು ದಿನ ಏನು ಮಾಡುತ್ತಿದ್ದೆ ಎಂದು ಕೇಳುತ್ತಾಳಲ್ಲ. ಹೀಗೆ ಮೂರು ತಿಂಗಳಾಯಿತು.

ಬೆರಳು ಮೂಡಿತು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ನೋವಿನ ಸಂಗತಿ. ಆಧಾರ್ ಕೇಂದ್ರದಿಂದ ಬಂದವಳು ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಳ್ಳುತ್ತ ನಿಂತಿದ್ದಳು. ಮಾತು ಹೊರಡುತ್ತಿರಲಿಲ್ಲ, ಹೆಬ್ಬೆರಳು ಮಾತ್ರ ಮೇಲೆ ಹಿಡಿದಿದ್ದಳು. ಮರುದಿನವೇ ರೇಷನ್ ಅಂಗಡಿಗೆ ಹೋಗಿ ಯಂತ್ರದ ಮೇಲೆ ಒತ್ತಿದಳು. ಈ ಕಾರ್ಡಿನಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ, ತಾಲ್ಲೂಕು ಆಫೀಸಿನಲ್ಲಿ ಕೇಳಿ ಎಂದರು.

ತಾಲ್ಲೂಕು ಆಫೀಸಿನ ಮೆಟ್ಟಿಲನ್ನು ಅವಳು ಮೂರು ಕಡೆ ಕುಳಿತು ಹತ್ತಿದಳು. ಎರಡನೇ ಸಲ ಕುಳಿತಾಗ ಹೇಳಬೇಕೆಂದು ಬಾಯಿ ತೆರೆದೆ. ನೀರು ಬೇಕೇನು ಎಂದು ಕೇಳಿದೆ. ಒಳಗೆ ಗುಮಾಸ್ತರು ನಂಬರು ಹಾಕಿ ನೋಡಿ, ಒಂದು ಹಾಳೆ ತೆಗೆದು ಅವಳ ಕೈಗೆ ಕೊಟ್ಟರು. ಅಕ್ಕ ಏಳನೇ ಕ್ಲಾಸು ಓದಿದವಳು, ನನಗಿಂತ ಚೆನ್ನಾಗಿ ಓದುತ್ತಿದ್ದಳು. ತುಟಿ ಅಲುಗಿಸುತ್ತ ಓದಿದಳು. ಹೆಸರು ತೆಗೆದ ದಿನ, ಅರ್ಜಿ ಕೊಟ್ಟವರು ಕಾರ್ಡಿನ ಯಜಮಾನಿ, ಕಾರಣ ಗಂಡನ ಮನೆಗೆ ಹೋಗಿದ್ದಾರೆ, ಸಿರುಗುಪ್ಪ. ಓದಿ ಮುಗಿದ ಮೇಲೂ ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

ಅವಳು ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದರೆ ಒಳ್ಳೆಯದು ಅನ್ನಿಸಿತ್ತು.

"ರಶೀದಿ ಎಲ್ಲೈತಿ?" ಎಂದಳು.

"ಒಗದೀನಿ."

"ಎಷ್ಟು ಸಲ ಹೇಳೀನಿ ನಿನಗ, ಯಾವ ಕಾಗದಾನೂ ಒಗೀಬ್ಯಾಡ ಅಂತ."

ಅವಳು ನನ್ನನ್ನು ಗದರಿದ್ದು ಅಷ್ಟೇ. ಆಮೇಲೆ ಗುಮಾಸ್ತರ ಕಡೆ ತಿರುಗಿ, ಬೇರೆಯವರ ಕೆಲಸಕ್ಕೆ ಬಂದವಳ ಹಾಗೆ, ಈಗ ಏನು ಮಾಡಬೇಕು ಸರ್ ಎಂದು ಕೇಳಿದಳು. ಆಪರೇಷನ್ ಚೀಟಿ ಇದೆ, ಸೇರಿಸಿಕೊಡುತ್ತೇವೆ. ಆದರೆ ಗಂಡನ ಮನೆಗೆ ಹೋಗಿದ್ದಾರೆ ಎಂದು ಇಲ್ಲಿ ಇರುವುದರಿಂದ, ಅಲ್ಲಿಯ ಕಾರ್ಡಿನಲ್ಲಿ ನಿಮ್ಮ ಹೆಸರಿಲ್ಲ, ನೀವು ಅಲ್ಲಿ ವಾಸ ಇಲ್ಲ ಎಂದು ಆ ಮನೆಯವರು ಬರೆದುಕೊಡಬೇಕು, ಅವರ ಕಾರ್ಡಿನ ಜೆರಾಕ್ಸೂ ಬೇಕು ಎಂದರು.

ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತೆವು. ಬಹಳ ಹೊತ್ತು ಅವಳು ಉಸಿರು ಸರಿ ಮಾಡಿಕೊಳ್ಳುತ್ತಿದ್ದಳು. ನಾನು ಕಾಲು ಹಿಡಿಯಲು ಬಾಗಿದೆ, ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಸತ್ತಾಳ ಅಂತ ಬರೆಸಬೇಕಿತ್ತು ತಂಗಿ," ಎಂದಳು. "ಬದುಕೀನಿ ಅಂತ ನಾನ ಬಂದು ನಿಂತಿದ್ರ ಆಗಿಹೋಗ್ತಿತ್ತು. ಈಗ ಅವನ ಬಾಗಲಿಗೆ ಹೋಗಬೇಕು."

ಹೋದೆವು. ಸಿರುಗುಪ್ಪದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ಬೇರೆ ದಿನಗಳಲ್ಲಿ ಬಳ್ಳಾರಿ ಬಸ್ಸಿನಲ್ಲಿ ಆ ಸೀಟಿಗೆ ಟವೆಲ್ ಹಾಕಿ ರೋಗಿಗೆಂದು ಹಿಡಿಯುತ್ತಿದ್ದಳು. ದಾರಿಯುದ್ದಕ್ಕೂ ಭತ್ತದ ಗದ್ದೆ. ಮನೆ ಅಕ್ಕಿ ಗಿರಣಿಯ ಹಿಂದೆ. ಹೊಸ್ತಿಲ ಮೇಲೆ ಗಿರಣಿಯಿಂದ ಹಾರಿಬಂದ ಹೊಟ್ಟು ಬಿದ್ದಿತ್ತು. ಅಕ್ಕ ಹೊಸ್ತಿಲು ದಾಟಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕುಳಿತಳು.

ಅವನ ಎರಡನೆಯ ಹೆಂಡತಿ ಹೊರಗೆ ಬಂದವಳು ಅಕ್ಕನ ಮುಖ ನೋಡಿದ ಕೂಡಲೇ ಯಾರೆಂದು ಗುರುತು ಹಿಡಿದಳು. ಏನೂ ಕೇಳದೆ ಒಳಗೆ ಹೋಗಿ ನೀರು ತಂದಳು. ವಿಷಯ ನಾನೇ ಹೇಳಿದೆ. ಅವನು ಒಳಗಿನಿಂದ ಗೋಡೆ ತಡವುತ್ತ ಬಂದ. ಎರಡೂ ಕಣ್ಣು ಪೊರೆ ಬಂದು ಬೆಳ್ಳಗಾಗಿದ್ದವು. ಯಾರು ಬಂದವರು ಎಂದ. ಕುರುಗೋಡಿನವರು, ಕಾರ್ಡಿನ ಕೆಲಸ ಎಂದಳು ಅವಳು. ಅಕ್ಕ ಬರೆದು ತಂದಿದ್ದ ಕಾಗದವನ್ನು ಆ ಹೆಂಗಸೇ ಓದಿ, ಈಕೆ ನಮ್ಮ ಮನೆಯಲ್ಲಿಲ್ಲ ಅಂತ ಬರೆದಿದೆ, ಇರುವುದೂ ಹಾಗೇ ತಾನೆ, ಒತ್ತು ಎಂದು ಅವನ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿ ಕಾಗದಕ್ಕೆ ಒತ್ತಿದಳು. ಗೆರೆಗಳೆಲ್ಲ ಸ್ಪಷ್ಟವಾಗಿ ಮೂಡಿದವು.

ಕಾರ್ಡಿನ ಜೆರಾಕ್ಸೂ ಸಿಕ್ಕಿತು, ಅಲ್ಲಿಗೆ ನಮ್ಮ ಕೆಲಸ ಮುಗಿದಿತ್ತು. ಆದರೆ ಅಕ್ಕ ಏಳಲಿಲ್ಲ. ಇವರ ಕಣ್ಣು ಯಾಕೆ ಹೀಗೆ ಬಿಟ್ಟಿದ್ದೀರಿ ಎಂದು ಆ ಹೆಂಗಸನ್ನು ಕೇಳಿದಳು. ಖರ್ಚಿಗೆ ಹೆದರಿ ಎಂದಳು ಅವಳು. ಅಕ್ಕ ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ, ಇದು ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ, ಬೇರೆ ಚೀಟಿಯೂ ಬೇಡ, ಮೊದಲು ಒಂದು ಕಣ್ಣು ಮಾಡುತ್ತಾರೆ, ಆಮೇಲೆ ಇನ್ನೊಂದು, ಮುಂಜಾನೆ ಬೇಗ ಹೋಗಿ ನಿಲ್ಲಿ ಎಂದು ಎಲ್ಲ ಬಿಡಿಸಿ ಹೇಳಿದಳು. ಮನೆಯಲ್ಲಿದ್ದ ಜೆರಾಕ್ಸುಗಳನ್ನು ತರಿಸಿ, ಬಳೆಯಿಂದ ಒಂದು ಪಿನ್ನು ಬಿಚ್ಚಿ ಹಾಕಿಕೊಟ್ಟಳು.

ಅವನು ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದ. "ದನಿ ಎಲ್ಲೋ ಕೇಳಿದಂಗೈತಲ್ಲ," ಎಂದ.

"ದೊಡ್ಡಾಸ್ಪತ್ರ್ಯಾಗ ಕೇಳಿರಬೇಕ್ರಿ," ಎಂದಳು ಅಕ್ಕ.

ಹನ್ನೆರಡು ದಿನಕ್ಕೆ ಹೆಸರು ಬಂತು. ಆ ಆಸ್ಪತ್ರೆಯ ಕೌಂಟರಿನ ಹೆಂಗಸು ನಿಜವಾಗಿಯೂ ಅಕ್ಕನಿಗೆ ಕುರ್ಚಿ ಹಾಕಿಸಿದಳು. ಬಂತು ನೋಡ್ರಿ ಅಕ್ಕಾರ ಎಂದು ಕಂಪ್ಯೂಟರನ್ನೇ ತಿರುಗಿಸಿ ತೋರಿಸಿದಳು. ಎರಡು ದಿನ ಪರೀಕ್ಷೆಗಳಾದವು. ಮೂರನೇ ದಿನ ಡಾಕ್ಟರು ಚೀಟಿ ಕೈಯಲ್ಲಿ ಹಿಡಿದುಕೊಂಡು ಬಂದರು. ಚೀಟಿಯ ಮೇಲಿನ ದಿನ ನೋಡಿದರು, ಅಕ್ಕನನ್ನು ನೋಡಿದರು. ಶ್ವಾಸಕೋಶಕ್ಕೂ ಹತ್ತಿದೆ, ಗುಂಡಿಗೆ ಬಹಳ ಸೋತಿದೆ, ಆಪರೇಷನ್ ಮಾಡಿದರೆ ಟೇಬಲ್ಲಿನ ಮೇಲಿಂದ ಏಳುವುದು ಕಷ್ಟ, ಮಾತ್ರೆಯಲ್ಲಿ ಇರುವಷ್ಟು ದಿನ ಇರಲಿ ಎಂದರು. ಬರೆದುಕೊಟ್ಟು ಇಷ್ಟು ದಿನವಾಗಿದೆ, ಆಗಲೇ ಯಾಕೆ ಬರಲಿಲ್ಲ ಎಂದು ಕೇಳಿದರು. ಅವರು ಕೇಳಿದ್ದು ನನ್ನನ್ನು. ಜೊತೆಗೆ ಬಂದವರನ್ನೇ ತಾನೆ ಕೇಳುವುದು.

ಮಂಚದ ಮೇಲಿದ್ದವಳು ಉತ್ತರ ಕೊಟ್ಟಳು.

"ಕಾಗದ ಕೂಡಿರಲಿಲ್ರಿ ಸಾಹೇಬ್ರ."

ಆಮೇಲೆ ನಾಲ್ಕು ತಿಂಗಳು ಇದ್ದಳು. ಎರಡು ದಿಂಬು ಇಟ್ಟುಕೊಂಡು ಕುಳಿತೇ ನಿದ್ದೆ ಮಾಡುತ್ತಿದ್ದಳು. ಜನ ಬರುತ್ತಲೇ ಇದ್ದರು. ಯಾವ ಕೌಂಟರು, ಯಾವ ಚೀಟಿ ಎಂದು ಮಂಚದಿಂದಲೇ ಹೇಳಿ ಕಳಿಸುತ್ತಿದ್ದಳು. ನನ್ನ ಜೊತೆಗೂ ಮಾತಾಡುತ್ತಿದ್ದಳು: ಊಟ ಆಯಿತೇ, ಮಗಳು ಶಾಲೆಯಿಂದ ಬಂದಳೇ, ಮಾತ್ರೆ ಎಲ್ಲಿಟ್ಟೆ. ಆ ಮಾತನ್ನು ಮಾತ್ರ ಅವಳು ಎತ್ತಲಿಲ್ಲ, ನನಗೆ ಎತ್ತಲು ಬಿಡಲಿಲ್ಲ. ನಾನು ಹತ್ತಿರ ಹೋಗಿ ಕುಳಿತರೆ ಸಾಕು, ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಮಲಗುತ್ತಿದ್ದಳು. ಒಂದು ಸಲ ಬೈಯಲಿ ಎಂದು ಕಾದೆ. ಅವಳು ಹೋದ ಮೇಲೆ ಗೊತ್ತಾಯಿತು, ಇನ್ನು ಬೈಯುವವರಿಲ್ಲ. ಸಾಯುವ ಹಿಂದಿನ ವಾರ ಸಿರುಗುಪ್ಪದಿಂದ ಆ ಹೆಂಗಸು ಫೋನು ಮಾಡಿ, ಒಂದು ಕಣ್ಣು ಆಯಿತು, ಕಾಣುತ್ತಿದೆಯಂತೆ ಎಂದು ಹೇಳಿದಳು. ಅಕ್ಕನಿಗೆ ಹೇಳಿದೆ. ಇನ್ನೊಂದು ಕಣ್ಣಿಗೂ ಅದೇ ಕಾಗದ ನಡೆಯುತ್ತದೆ, ಒಗ್ಗೂಡಿಸಿ ಇಟ್ಟುಕೊಳ್ಳಲು ಹೇಳು ಎಂದಳು.

ನಿನ್ನೆ ಕಂಪ್ಯೂಟರ್ ಸೆಂಟರಿಗೆ ಹೋದೆ. ಅದೇ ಕುರ್ಚಿ, ಬೇರೆ ಹುಡುಗಿ. ಕಾರಣ ಏನ್ರಿ ಎಂದಳು. ಮರಣ, ಮದುವೆ, ಬೇರೆ ಊರು ಎಂದು ಅವಳೂ ಅದೇ ಸಾಲು ಓದಿದಳು. ಮೊದಲನೆಯದು ಎಂದೆ. ಯಂತ್ರ ಮುಂದಕ್ಕೆ ತಳ್ಳಿದಳು. ಹೆಬ್ಬೆರಳು ಇಟ್ಟೆ. ದಿನವಿಡೀ ಗಟ್ಟಿ ಬಟ್ಟೆ ಎಳೆದು ಹೊಲಿಯುವ ಕೈ, ಈ ಸಲವಾದರೂ ಮೂಡದಿರಲಿ ಎಂದು ಒಳಗೆ ಬೇಡಿಕೊಂಡೆ. ಒಂದೇ ಸಲಕ್ಕೆ ಮೂಡಿತು.

ರಶೀದಿಯನ್ನು ಮಡಚದೆ ಮನೆಗೆ ತಂದೆ. ಅಕ್ಕನ ಪ್ಲಾಸ್ಟಿಕ್ ಚೀಲ ಮೊಳೆಗೆ ಹಾಗೇ ತೂಗುಬಿದ್ದಿದೆ, ಅವಳ ಬಳೆಗಳೂ ಅದರಲ್ಲೇ ಇವೆ. ಒಂದು ಪಿನ್ನು ಬಿಚ್ಚಿ ರಶೀದಿಗೆ ಹಾಕಲು ಹೋದೆ. ಜೊತೆಗೆ ಸೇರಿಸಬೇಕಾದ ಮೊದಲ ರಶೀದಿ ಇರಲಿಲ್ಲ, ಅದನ್ನು ಕಾಲುವೆಗೆ ಹಾಕಿದ್ದೆ.